ಮಾದರಿಯಿಂದ ಮಾರುಕಟ್ಟೆಯವರೆಗೆ: ಎಲೆಕ್ಟ್ರಾನಿಕ್ಸ್ ಉತ್ಪನ್ನಾಭಿವೃದ್ಧಿಯಲ್ಲಿ ವ್ಯವಸ್ಥಾ ಎಂಜಿನಿಯರಿಂಗ್ ಮತ್ತು ಯೋಜನಾ ನಿರ್ವಹಣೆ

ಹೊಸ ಎಲೆಕ್ಟ್ರಾನಿಕ್ಸ್ ಉಪಕರಣವೊಂದರ ಮೊದಲ ಮಾದರಿ ಮೇಜಿನ ಮೇಲೆ ಓಡಿದ ದಿನ ಸಣ್ಣ ಉದ್ಯಮದಲ್ಲಿ ಹಬ್ಬದ ಸಂಭ್ರಮವಿರುತ್ತದೆ. ದೀಪ ಬೆಳಗುತ್ತದೆ, ರಿಲೇ ಸದ್ದು ಮಾಡುತ್ತದೆ, ಪರದೆಯ ಮೇಲೆ ಅಂಕಿ ಮೂಡುತ್ತದೆ. ಕೆಲಸ ಬಹುತೇಕ ಮುಗಿಯಿತೆಂದು ಭಾವಿಸಿದ ಮಾಲೀಕರು ಅಂದೇ ವಿತರಕರಿಗೆ ದೂರವಾಣಿ ಮಾಡಿ, ಎರಡು ತಿಂಗಳಲ್ಲಿ ಮಾಲು ಕಳುಹಿಸುವುದಾಗಿ ಮಾತು ಕೊಡುತ್ತಾರೆ. ಆ ಮಾತು ಉಳಿಯುವುದು ಅಪರೂಪ. ಮಾದರಿಗೆ ತಗುಲಿದ ಹಣ ಮತ್ತು ಕಾಲ ಒಟ್ಟು ಯೋಜನೆಯ ಸಣ್ಣ ಪಾಲು ಮಾತ್ರ. ದೊಡ್ಡ ಪಾಲು ಮಾದರಿಗೂ ಮಾರಾಟಕ್ಕೆ ಸಿದ್ಧವಾದ ಉತ್ಪನ್ನಕ್ಕೂ ನಡುವಿನ ಹಾದಿಯಲ್ಲಿ ಖರ್ಚಾಗುತ್ತದೆ. ಆ ಹಾದಿಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದು ಬಹುಮಟ್ಟಿಗೆ ಆರಂಭದಲ್ಲಿ ಏನನ್ನು ಬರೆದಿಡಲಾಯಿತು, ಏನನ್ನು ಬರೆಯದೆ ಬಿಡಲಾಯಿತು ಎಂಬುದನ್ನೇ ಅವಲಂಬಿಸಿರುತ್ತದೆ.

ಎರಡು ವಿದ್ಯೆಗಳು

ಉತ್ಪನ್ನವೊಂದನ್ನು ಬಿಡಿ ಭಾಗಗಳ ಮೊತ್ತವೆಂದು ನೋಡದೆ, ಅದನ್ನು ಬಳಸುವವರು, ಅದು ಇರುವ ಸ್ಥಳ, ಅದಕ್ಕೆ ಅನ್ವಯಿಸುವ ಕಾನೂನು, ಅದರ ದುರಸ್ತಿ, ಇವೆಲ್ಲವನ್ನೂ ಸೇರಿಸಿ ಒಂದೇ ವ್ಯವಸ್ಥೆಯೆಂದು ನೋಡುವುದು ವ್ಯವಸ್ಥಾ ಎಂಜಿನಿಯರಿಂಗ್. ಆ ಕೆಲಸವನ್ನು ಕಾಲ, ಹಣ ಮತ್ತು ಜನರ ಮಿತಿಯೊಳಗೆ ನಡೆಸುವುದು ಯೋಜನಾ ನಿರ್ವಹಣೆ. ಮೊದಲನೆಯದು 1940ರ ದಶಕದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯಗಳಲ್ಲಿ ಹೆಸರು ಪಡೆಯಿತು. ಎರಡನೆಯದರ ಪ್ರಮುಖ ಸಾಧನಗಳು 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯ ರಾಸಾಯನಿಕ ಸ್ಥಾವರಗಳಿಗಾಗಿ ಮತ್ತು ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ರೂಪುಗೊಂಡವು.

ಇವು ದೊಡ್ಡವರ ವಿದ್ಯೆಗಳೆಂದು ಸಣ್ಣ ಕೈಗಾರಿಕೆಗಳು ಕೈಬಿಡುವುದುಂಟು. ಆದರೆ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಸಾಮಾನ್ಯ ಶೆಡ್ಡುಗಳಲ್ಲಿ, ಉಡುಪಿ ಮೂಲದ ವಿಜ್ಞಾನಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ. 1975ರ ಏಪ್ರಿಲ್ 19ರಂದು ಉಡಾವಣೆಗೊಂಡ ಆ ಉಪಗ್ರಹದ ಒಳಗಿನ ವಿದ್ಯುತ್ ಪೂರೈಕೆ ಕೆಲವೇ ದಿನಗಳಲ್ಲಿ ಕೆಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವೆಂಬುದೂ ದಾಖಲಾಗಿದೆ. ಎಲೆಕ್ಟ್ರಾನಿಕ್ಸ್ ತಯಾರಕರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಉಪಗ್ರಹವಿರಲಿ, ಮನೆಯ ಸ್ಟೆಬಿಲೈಸರ್ ಇರಲಿ, ದುರಸ್ತಿಗೆ ಬಂದ ಪೆಟ್ಟಿಗೆಯನ್ನು ತೆರೆದವರು ಮೊದಲು ನೋಡುವುದು ಪವರ್ ಸಪ್ಲೈಯನ್ನೇ.

ಮತಯಂತ್ರ ಕಲಿಸುವ ಪಾಠ

ಭಾರತದಲ್ಲೇ ಹುಟ್ಟಿ ಬೆಳೆದ ಎಲೆಕ್ಟ್ರಾನಿಕ್ಸ್ ಉತ್ಪನ್ನಗಳ ಪೈಕಿ ಅಭ್ಯಾಸಕ್ಕೆ ಅತ್ಯಂತ ಯೋಗ್ಯವಾದದ್ದು ವಿದ್ಯುನ್ಮಾನ ಮತಯಂತ್ರ. ಚುನಾವಣಾ ಆಯೋಗದಲ್ಲಿ ಇದರ ಆಲೋಚನೆ ಮೂಡಿದ್ದು 1977ರಲ್ಲಿ. ಹೈದರಾಬಾದಿನ ಇಸಿಐಎಲ್ ಸಂಸ್ಥೆ 1979ರಲ್ಲಿ ಮೊದಲ ಮಾದರಿಯನ್ನು ಸಿದ್ಧಪಡಿಸಿತು. 1980ರ ಆಗಸ್ಟ್ 6ರಂದು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಮುಂದೆ ಅದರ ಪ್ರದರ್ಶನ ನಡೆಯಿತು. ಬಳಿಕ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಯಾರಿಕೆಯಲ್ಲಿ ಜೊತೆಗೂಡಿತು. ಹೀಗೆ ಎರಡೇ ವರ್ಷಗಳಲ್ಲಿ ಮಾದರಿ ಕೈಗೆ ಬಂದಿತ್ತು. ಆದರೆ ಲೋಕಸಭೆಯ ಎಲ್ಲ 543 ಕ್ಷೇತ್ರಗಳಲ್ಲಿ ಯಂತ್ರ ಬಳಕೆಯಾದದ್ದು 2004ರಲ್ಲಿ. ನಡುವಿನ ಕಾಲ ಹೇಗೆ ಕಳೆಯಿತು ಎಂಬುದರಲ್ಲಿ ಪಾಠವಿದೆ.

1982ರ ಮೇ ತಿಂಗಳಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರಗಳನ್ನು ಬಳಸಲಾಯಿತು. ಸೋತ ಅಭ್ಯರ್ಥಿ ನ್ಯಾಯಾಲಯದ ಮೆಟ್ಟಿಲೇರಿದರು. 1984ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮತಗಟ್ಟೆಗಳ ಮತದಾನವನ್ನು ರದ್ದುಪಡಿಸಿ ಮರುಮತದಾನಕ್ಕೆ ಆದೇಶಿಸಿತು. ತೀರ್ಪಿಗೆ ಆಧಾರವಾದದ್ದು ಯಂತ್ರದ ದೋಷವಲ್ಲ. ಅಂದಿನ ಚುನಾವಣಾ ಕಾಯಿದೆಯಲ್ಲಿ ಮತಪತ್ರದ ಹೊರತು ಬೇರೆ ಸಾಧನಕ್ಕೆ ಅವಕಾಶವಿರಲಿಲ್ಲ. 1988ರ ಡಿಸೆಂಬರ್‌ನಲ್ಲಿ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 61ಎ ಕಲಮು ಸೇರಿತು. ಅದು 1989ರ ಮಾರ್ಚ್ 15ರಿಂದ ಜಾರಿಗೆ ಬಂದಿತು. 1990ರಲ್ಲಿ ಪ್ರೊ. ಎಸ್. ಸಂಪತ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ಯಂತ್ರವನ್ನು ಪರಿಶೀಲಿಸಿ ಬಳಕೆಗೆ ಶಿಫಾರಸು ಮಾಡಿತು. ಆ ಹೊತ್ತಿಗೆ ತಯಾರಾಗಿದ್ದ ಯಂತ್ರಗಳು 1998ರ ನವೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ ಆಯ್ದ ಕ್ಷೇತ್ರಗಳಲ್ಲಿ ಪ್ರಾಯೋಗಿಕವಾಗಿ ಬಳಕೆಗೆ ಬಂದವು. ಸರ್ಕಾರಿ ಸಂಸ್ಥೆಗಳು ಇಷ್ಟು ದೀರ್ಘ ವಿಳಂಬವನ್ನು ತಾಳಿಕೊಂಡವು. ಬ್ಯಾಂಕಿನ ಸಾಲದ ಮೇಲೆ ನಡೆಯುವ ಖಾಸಗಿ ಘಟಕವಾಗಿದ್ದರೆ ಅದರ ಬಾಗಿಲು ಎಂದೋ ಮುಚ್ಚಿರುತ್ತಿತ್ತು. ಅನ್ವಯಿಸುವ ಕಾನೂನು ಯಾವುದು ಎಂಬುದೂ ಉತ್ಪನ್ನದ ಅವಶ್ಯಕತೆಗಳ ಪಟ್ಟಿಯಲ್ಲಿ ಮೊದಲ ದಿನವೇ ಇರಬೇಕಾದ ಸಾಲು.

ಯಂತ್ರದ ವಿನ್ಯಾಸವಾದರೋ ಅವಶ್ಯಕತೆಗಳನ್ನು ಸ್ಥಳಕ್ಕೇ ಹೋಗಿ ತಿಳಿದುಕೊಂಡಂತಿದೆ. ವಿದ್ಯುತ್ ಇಲ್ಲದ ಹಳ್ಳಿಯ ಶಾಲೆಯಲ್ಲೂ ನಡೆಯಬೇಕು, ಆದ್ದರಿಂದ ಬ್ಯಾಟರಿ. ಅಕ್ಷರ ಬಾರದವರೂ ಬಳಸಬೇಕು, ಆದ್ದರಿಂದ ಚಿಹ್ನೆಯ ಪಕ್ಕದಲ್ಲೇ ಗುಂಡಿ. ಮತಗಟ್ಟೆಯನ್ನು ವಶಪಡಿಸಿಕೊಂಡವರೂ ಒಮ್ಮೆಲೇ ಸಾವಿರಾರು ಮತ ಒತ್ತಬಾರದು, ಆದ್ದರಿಂದ ನಿಮಿಷಕ್ಕೆ ನಾಲ್ಕೈದು ಮತಗಳ ಮಿತಿ. ಅಧಿಕಾರಿಯ ಮೇಜಿನ ಮೇಲೆ ನಿಯಂತ್ರಣ ಘಟಕ, ಮರೆಯೊಳಗೆ ಮತದಾನ ಘಟಕ, ನಡುವೆ ಐದು ಮೀಟರ್ ಕೇಬಲ್. ಹೀಗೆ ಎರಡು ಭಾಗ ಮಾಡಿದ್ದರಿಂದ ಮತದಾನದ ಗೋಪ್ಯತೆ ಉಳಿಯಿತು. ಬೆಳೆಯಲು ಎಡೆಯೂ ದೊರೆಯಿತು. ಒಂದು ಮತದಾನ ಘಟಕದಲ್ಲಿ 16 ಹೆಸರು; ಹಳೆಯ ಯಂತ್ರದಲ್ಲಿ ನಾಲ್ಕು ಘಟಕ ಜೋಡಿಸಿ 64 ಹೆಸರಿನವರೆಗೆ ಹೋಗಬಹುದಿತ್ತು. ಅದಕ್ಕಿಂತ ಹೆಚ್ಚು ಅಭ್ಯರ್ಥಿಗಳಿರುವುದು ಅಸಂಭವವೇನಲ್ಲ. ಮತಪತ್ರದ ಕಾಲವಾದ 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರವೊಂದರಲ್ಲೇ 456 ಮಂದಿ ಕಣದಲ್ಲಿದ್ದರು. ನಂತರದ ಪೀಳಿಗೆಯ ಯಂತ್ರದಲ್ಲಿ 24 ಘಟಕಗಳವರೆಗೆ ಜೋಡಿಸುವ ಅವಕಾಶ ಬಂತು. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಅಭ್ಯರ್ಥಿಗಳಿದ್ದಾಗ 12 ಘಟಕಗಳನ್ನು ಸಾಲಾಗಿ ಇಟ್ಟು ಮತದಾನ ನಡೆಸಲಾಯಿತು.

ಇಷ್ಟು ಅನುಭವವಿದ್ದ ಕಡೆಯೂ ಎಡವಿದ್ದುಂಟು. ಮತ ಖಾತರಿಯ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರ 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲಿಗೆ ಬಳಕೆಯಾಯಿತು. 2018ರ ಮೇ ಕೊನೆಯಲ್ಲಿ ಉತ್ತರ ಪ್ರದೇಶದ ಕೈರಾನಾ ಮೊದಲಾದ ಕಡೆ ನಡೆದ ಉಪಚುನಾವಣೆಗಳಲ್ಲಿ ಇವುಗಳನ್ನು ದೊಡ್ಡ ಸಂಖ್ಯೆಯಲ್ಲಿ ಬದಲಿಸಬೇಕಾಯಿತು. ಒಳಗಿನ ಸಂವೇದಕದ ಮೇಲೆ ಅತಿಯಾದ ಬೆಳಕು ಬಿದ್ದದ್ದು ಮತ್ತು ಕಾಗದದ ಸುರುಳಿ ತೇವ ಹೀರಿದ್ದು ಕಾರಣಗಳಾಗಿ ಕಂಡುಬಂದವು. ಸಂವೇದಕಕ್ಕೆ ಸಣ್ಣ ಮರೆ ಹಾಕಿ, ತೇವ ತಡೆಯುವ ಕಾಗದ ಬಳಸಿ ದೋಷವನ್ನು ನಿವಾರಿಸಲಾಯಿತು. ಪರಿಹಾರ ಅಷ್ಟು ಸುಲಭದ್ದು. ಯಂತ್ರವು ಕಿಟಕಿಯ ಪಕ್ಕದ ಬಿಸಿಲಿನಲ್ಲಿ ಇಡಲ್ಪಡಬಹುದು ಎಂಬ ಒಂದು ಸಾಲು ಮೊದಲೇ ಪರೀಕ್ಷೆಯ ಪಟ್ಟಿಯಲ್ಲಿದ್ದಿದ್ದರೆ ಅದು ಕಾರ್ಖಾನೆಯಲ್ಲೇ ಮುಗಿಯುತ್ತಿತ್ತು.

ಸಣ್ಣ ಘಟಕಕ್ಕೆ ಇದರ ಅನ್ವಯ

ಕೃಷಿ ಪಂಪ್‌ಸೆಟ್ಟನ್ನು ಮೊಬೈಲ್ ಫೋನಿನ ಮೂಲಕ ಚಾಲೂ ಮಾಡುವ ಸ್ಟಾರ್ಟರ್ ತಯಾರಿಸಲು ಹೊರಟ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 'ರೈತರು ಮನೆಯಿಂದಲೇ ಮೋಟಾರು ಹಾಕಬೇಕು, ಬೆಲೆ ಕಡಿಮೆ ಇರಬೇಕು' ಎಂಬುದು ಮಾಲೀಕರ ಅಪೇಕ್ಷೆ. ವಿನ್ಯಾಸಕಾರರ ಕೈಗೆ ಕೊಡಬಹುದಾದ ಅವಶ್ಯಕತೆಯಲ್ಲ. ಅಳೆಯಲು ಬರುವ ಮಾತೇ ಅವಶ್ಯಕತೆ. ಯಾವ ವೋಲ್ಟೇಜಿನಿಂದ ಯಾವ ವೋಲ್ಟೇಜಿನವರೆಗೆ ಉಪಕರಣ ಕೆಲಸ ಮಾಡಬೇಕು? ಮೂರು ಫೇಸಿನಲ್ಲಿ ಒಂದು ಹೋದರೆ ಎಷ್ಟು ಸೆಕೆಂಡಿನಲ್ಲಿ ಮೋಟಾರು ನಿಲ್ಲಬೇಕು? ಬಾವಿ ಬತ್ತಿದ್ದು ಹೇಗೆ ತಿಳಿಯಬೇಕು? ತಗಡಿನ ಪೆಟ್ಟಿಗೆ ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ನಿಂತಾಗ ಒಳಗಿನ ಉಷ್ಣತೆ ಎಷ್ಟಾಗುತ್ತದೆ? ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ ಎಂಬುದು ತಯಾರಕರೇ ಒಪ್ಪುವ ಲೆಕ್ಕ. ಆದ್ದರಿಂದ ಈ ಒಂದು ಅಂಕಿ ಗೊತ್ತಿಲ್ಲದೆ ವಾರಂಟಿಯ ಅವಧಿ ಘೋಷಿಸುವುದು ಜೂಜಾಟಕ್ಕೆ ಸಮ. ಇನ್ನು ಇರುವೆ ಮತ್ತು ಹಲ್ಲಿ. ಇವು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ, ಆದರೆ ತೋಟದ ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಿದ ಯಾವ ಮೆಕ್ಯಾನಿಕ್ಕಾದರೂ ಮೊದಲು ಹೇಳುವುದು ಇವನ್ನೇ. ಪಟ್ಟಿ ಬರೆಯುವ ಮುನ್ನ ಹತ್ತು ಪಂಪ್‌ಹೌಸ್‌ಗಳಿಗೆ ಹೋಗಿ ಬರುವುದಕ್ಕೆ ತಗುಲುವ ವೆಚ್ಚ ಒಂದು ಮರುವಿನ್ಯಾಸದ ವೆಚ್ಚದ ಮುಂದೆ ಏನೂ ಅಲ್ಲ.

ಇಂತಹ ಪಟ್ಟಿ ಎರಡು ಮೂರು ಪುಟಗಳಾದರೆ ಸಾಕು. ಪ್ರತಿ ಸಾಲಿಗೂ ಕ್ರಮಾಂಕವಿರಬೇಕು; ಎದುರಿಗೆ ಆ ಸಾಲು ಈಡೇರಿತೆಂದು ಯಾವ ಪರೀಕ್ಷೆಯಿಂದ ತಿಳಿಯುವುದೆಂದು ಬರೆದಿರಬೇಕು. ಪರೀಕ್ಷೆ ಬರೆಯಲು ಬಾರದ ಸಾಲು ಅವಶ್ಯಕತೆಯಲ್ಲ, ಆಸೆ. ವ್ಯವಸ್ಥಾ ಎಂಜಿನಿಯರಿಂಗ್‌ನಲ್ಲಿ ಇದನ್ನು ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಬಿಡಿಸುವ ರೂಢಿಯಿದೆ: ಎಡಗಡೆ ಅವಶ್ಯಕತೆಯಿಂದ ಬಿಡಿಭಾಗದವರೆಗೆ ಇಳಿಯುವ ವಿನ್ಯಾಸ, ಬಲಗಡೆ ಬಿಡಿಭಾಗದಿಂದ ಪೂರ್ಣ ಉಪಕರಣದವರೆಗೆ ಏರುವ ಪರೀಕ್ಷೆ. ಎಡಗಡೆಯ ಪ್ರತಿ ಮೆಟ್ಟಿಲಿಗೂ ಬಲಗಡೆ ಸಮನಾದ ಮೆಟ್ಟಿಲಿರುತ್ತದೆ.

ಭಾಗಗಳು ಸೇರುವ ಜಾಗ

ದೋಷಗಳು ಹೆಚ್ಚಾಗಿ ಅಡಗುವುದು ಭಾಗಗಳಲ್ಲಲ್ಲ, ಅವು ಒಂದಕ್ಕೊಂದು ಸೇರುವ ಜಾಗದಲ್ಲಿ. ಮೇಲಿನ ಸ್ಟಾರ್ಟರಿನ ಬೋರ್ಡನ್ನು ಒಬ್ಬರು, ಪವರ್ ಸಪ್ಲೈಯನ್ನು ಇನ್ನೊಬ್ಬರು, ಫರ್ಮ್‌ವೇರನ್ನು ಮತ್ತೊಬ್ಬರು ಮಾಡಿಕೊಡುತ್ತಾರೆ. 2ಜಿ ಜಾಲದ ಮೋಡೆಮ್ ಸರಾಸರಿಯಲ್ಲಿ ಕಡಿಮೆ ಕರೆಂಟು ಎಳೆದರೂ, ಸಂದೇಶ ಕಳುಹಿಸುವ ಕ್ಷಣದಲ್ಲಿ ಅದು 2 ಆಂಪಿಯರಿನವರೆಗೆ ಏರುತ್ತದೆ. ಸರಾಸರಿಯನ್ನು ಮಾತ್ರ ಕೇಳಿ ತಿಳಿದ ಪವರ್ ಸಪ್ಲೈ ತಯಾರಕರು ಅರ್ಧ ಆಂಪಿಯರಿನದನ್ನು ಕೊಟ್ಟರೆ, ಸಿಗ್ನಲ್ ಚೆನ್ನಾಗಿರುವ ಪೇಟೆಯ ಕಾರ್ಯಾಗಾರದಲ್ಲಿ ಉಪಕರಣ ಸರಿಯಾಗಿಯೇ ನಡೆಯುತ್ತದೆ. ಟವರಿನಿಂದ ದೂರದ ತೋಟದಲ್ಲಿ ಮೋಡೆಮ್ ಪೂರ್ಣ ಶಕ್ತಿಯಿಂದ ಪ್ರಸಾರ ಮಾಡಬೇಕಾಗಿ ಬಂದಾಗ ವೋಲ್ಟೇಜು ಕುಸಿದು ಮೈಕ್ರೋಕಂಟ್ರೋಲರ್ ಮರುಚಾಲನೆಯಾಗುತ್ತದೆ. ಬೋರ್ಡಿನವರು ಸಪ್ಲೈಯನ್ನೂ, ಸಪ್ಲೈಯವರು ಫರ್ಮ್‌ವೇರನ್ನೂ ದೂರುತ್ತಾರೆ. ಅವರವರ ಭಾಗ ಅವರವರ ಕಾಗದದ ಪ್ರಕಾರ ಸರಿಯಾಗಿಯೇ ಇರುತ್ತದೆ. ತಪ್ಪಿದ್ದು ಇಬ್ಬರ ನಡುವಿನ ಕಾಗದ. ಅತ್ಯಧಿಕ ಕರೆಂಟು ಎಷ್ಟು, ಎಷ್ಟು ಹೊತ್ತು, ವೋಲ್ಟೇಜು ಎಷ್ಟರವರೆಗೆ ಇಳಿಯಬಹುದು ಎಂಬ ಮೂರು ಅಂಕಿಗಳನ್ನು ಒಂದು ಪುಟದಲ್ಲಿ ಬರೆದು ಇಬ್ಬರಿಂದಲೂ ಸಹಿ ಪಡೆದಿದ್ದರೆ ಸಾಕಿತ್ತು.

ದೊಡ್ಡವರೂ ಇದರಿಂದ ಹೊರತಲ್ಲ. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ಮಂಗಳದ ಬಳಿ ನಾಶವಾದದ್ದು, ಒಂದು ತಂಡದ ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡದ ತಂತ್ರಾಂಶ ನ್ಯೂಟನ್ ಮಾನವೆಂದು ತಿಳಿದದ್ದರಿಂದ.

ಕಾಲಪಟ್ಟಿ ಮತ್ತು ತಡೆಗೇಟುಗಳು

ಕಾಲಪಟ್ಟಿಯನ್ನು ಬಹುಪಾಲು ಉದ್ಯಮಿಗಳು ಮಾರಾಟದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ: ಯುಗಾದಿಗೆ ಮಾರುಕಟ್ಟೆಗೆ ಬರಬೇಕು, ಆದ್ದರಿಂದ ಜನವರಿಯಲ್ಲಿ ಬೋರ್ಡು ಬರಬೇಕು, ಇತ್ಯಾದಿ. ಸರಿಯಾದ ಕ್ರಮವೆಂದರೆ ಕೆಲಸಗಳ ಅವಲಂಬನೆಯನ್ನು ಬರೆದು, ಅತ್ಯಂತ ಉದ್ದದ ಸರಪಳಿ ಯಾವುದೆಂದು ಕಂಡುಹಿಡಿಯುವುದು. ಅದೇ ನಿರ್ಣಾಯಕ ಪಥ. ಸಣ್ಣ ಎಲೆಕ್ಟ್ರಾನಿಕ್ಸ್ ಉತ್ಪನ್ನದಲ್ಲಿ ಆ ಪಥ ಸರ್ಕಿಟ್ ವಿನ್ಯಾಸದ ಮೂಲಕ ಹಾಯುವುದಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಪೆಟ್ಟಿಗೆಯ ಅಚ್ಚು, ಆಮದಾಗುವ ಬಿಡಿಭಾಗ ಮತ್ತು ಪ್ರಯೋಗಾಲಯದ ಸರದಿ, ಈ ಮೂರರಲ್ಲಿ ಯಾವುದಾದರೊಂದರ ಮೂಲಕ ಹಾಯುತ್ತದೆ. ಮಾಲೀಕರ ಗಮನವೆಲ್ಲ ಸರ್ಕಿಟ್ಟಿನ ಮೇಲೆ ಇರುವುದರಿಂದ ಇವು ಮೂರೂ ತಡವಾಗಿ ಆರಂಭವಾಗುತ್ತವೆ.

ತಡೆಗೇಟು ಎಂದರೆ ಮುಂದಿನ ಹಂತಕ್ಕೆ ಹಣ ಬಿಡುಗಡೆ ಮಾಡುವ ಮುನ್ನ ನಿಂತು ನೋಡುವ ಜಾಗ. ಸಣ್ಣ ಘಟಕಕ್ಕೆ ಮೂರು ಸಾಕು: ಅವಶ್ಯಕತೆಯ ಪಟ್ಟಿ ಮುಗಿದಾಗ, ಅಚ್ಚಿಗೆ ಮುಂಗಡ ಕೊಡುವ ಮುನ್ನ, ಮೊದಲ ದೊಡ್ಡ ಖರೀದಿಯ ಮುನ್ನ. ಎರಡನೆಯದು ಎಲ್ಲಕ್ಕಿಂತ ಮುಖ್ಯ. ಕನೆಕ್ಟರಿನ ಸ್ಥಾನವನ್ನು ನಕಾಶೆಯಲ್ಲಿ ಬದಲಿಸಲು ಅರ್ಧ ಗಂಟೆ ಸಾಕು; ಅಚ್ಚು ಕೊರೆದ ಮೇಲೆ ಅದೇ ಬದಲಾವಣೆಗೆ ವಾರಗಳೂ ಸಾವಿರಾರು ರೂಪಾಯಿಗಳೂ ಬೇಕು; ಮಾಲು ತೋಟಗಳಿಗೆ ಹೋದ ಮೇಲಾದರೆ ಊರೂರಿಗೆ ಮೆಕ್ಯಾನಿಕ್ಕನ್ನು ಕಳುಹಿಸಬೇಕು. ಹಂತ ದಾಟಿದಂತೆ ತಿದ್ದುಪಡಿಯ ವೆಚ್ಚ ಹತ್ತು ಪಟ್ಟಾಗುತ್ತದೆ ಎಂಬ ರೂಢಿಯ ಮಾತಿದೆ. ಹತ್ತು ಎಂಬ ಅಂಕಿಯನ್ನು ವೇದವಾಕ್ಯವೆಂದು ತಿಳಿಯಬೇಕಿಲ್ಲ, ಆದರೆ ದಿಕ್ಕು ಸರಿಯಾದದ್ದೇ.

ಗೇಟಿನಲ್ಲಿ 'ಬೇಡ' ಎನ್ನುವ ಅಧಿಕಾರ ಯಾರಿಗಿದೆ ಎಂಬುದೂ ಸ್ಪಷ್ಟವಾಗಿರಬೇಕು. ಕುಟುಂಬದ ಉದ್ಯಮಗಳಲ್ಲಿ ಅಣ್ಣ ಮಾರಾಟ, ತಮ್ಮ ಉತ್ಪಾದನೆ ನೋಡಿಕೊಳ್ಳುವುದು ಸಾಮಾನ್ಯ. ವಿತರಕರಿಗೆ ಅಣ್ಣ ಕೊಟ್ಟ ಮಾತನ್ನು ಮೀರಿ ತಡೆಯುವುದು ತಮ್ಮನಿಗೆ ಕಷ್ಟ. ಅಂಥಲ್ಲಿ ಗೇಟಿನ ನಿರ್ಧಾರವನ್ನು ಬರೆದ ಪರೀಕ್ಷಾ ಫಲಿತಾಂಶಕ್ಕೆ ಬಿಟ್ಟುಕೊಡುವುದು ಮನೆಯ ನೆಮ್ಮದಿಗೂ ಒಳ್ಳೆಯದು.

ಬಿಡಿಭಾಗ ಬದಲಾದಾಗ

2020ರಿಂದ 2022ರವರೆಗಿನ ಚಿಪ್ ಅಭಾವದ ಕಾಲದಲ್ಲಿ ಅನೇಕ ಮೈಕ್ರೋಕಂಟ್ರೋಲರುಗಳಿಗೆ ಒಂದು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಒಂದೇ ಚಿಪ್ಪನ್ನು ನಂಬಿದ್ದ ಘಟಕಗಳು ಆರ್ಡರು ಕೈಯಲ್ಲಿದ್ದೂ ಕೆಲಸ ನಿಲ್ಲಿಸಬೇಕಾಯಿತು. ಆದ್ದರಿಂದ ಬಿಡಿಭಾಗಗಳ ಪಟ್ಟಿಯಲ್ಲಿ ಪ್ರತಿ ಮುಖ್ಯ ಭಾಗಕ್ಕೂ ಪರೀಕ್ಷಿಸಿ ಒಪ್ಪಿದ ಎರಡನೆಯ ತಯಾರಕರ ಹೆಸರು ಇರುವುದು ಲೇಸು. ಇಲ್ಲಿ 'ಪರೀಕ್ಷಿಸಿ' ಎಂಬ ಮಾತಿಗೆ ತೂಕವಿದೆ. 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳ ಬ್ಯಾಟರಿ ಹೊತ್ತಿಕೊಳ್ಳತೊಡಗಿದಾಗ, ಕಂಪನಿ ಅವನ್ನು ಹಿಂಪಡೆದು ಇನ್ನೊಬ್ಬ ಪೂರೈಕೆದಾರರ ಬ್ಯಾಟರಿಯಿದ್ದ ಫೋನುಗಳನ್ನು ಬದಲಿಗೆ ಕೊಟ್ಟಿತು. ಅವೂ ಹೊತ್ತಿಕೊಂಡವು. ಅಕ್ಟೋಬರ್‌ನಲ್ಲಿ ಆ ಫೋನಿನ ತಯಾರಿಕೆಯನ್ನೇ ನಿಲ್ಲಿಸಲಾಯಿತು. 2017ರ ಜನವರಿಯಲ್ಲಿ ಪ್ರಕಟವಾದ ತನಿಖೆಯ ಪ್ರಕಾರ ಎರಡು ಬ್ಯಾಟರಿಗಳ ದೋಷಗಳೂ ಬೇರೆ ಬೇರೆ: ಮೊದಲನೆಯದರಲ್ಲಿ ಮೂಲೆಯ ಎಲೆಕ್ಟ್ರೋಡುಗಳು ಬಾಗಿದ್ದವು, ಎರಡನೆಯದರಲ್ಲಿ ಬೆಸುಗೆಯ ಉಬ್ಬುಗಳು ಒಳಗಿನ ಪದರವನ್ನು ಭೇದಿಸಿದ್ದವು. ಬದಲಿ ಭಾಗ ಬಂತೆಂದರೆ ಹಳೆಯ ಪರೀಕ್ಷೆಗಳೆಲ್ಲ ಮತ್ತೆ ನಡೆಯಬೇಕು ಎಂಬುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗುವುದು ಕಷ್ಟ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅದೇ ಬೆಲೆಗೆ ಬೇರೆ ಗುರುತಿನ ರಿಲೇ ಸಿಕ್ಕಿತೆಂದು ತರುವ ಖರೀದಿ ಗುಮಾಸ್ತರಿಗೂ ಈ ನಿಯಮ ತಿಳಿದಿರಬೇಕು. ಬದಲಾವಣೆಯ ದಿನಾಂಕ ಮತ್ತು ಆ ದಿನದ ಕ್ರಮಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸಾಕು. ಮುಂದೆ ದೂರು ಬಂದಾಗ ಸಾವಿರ ಪೆಟ್ಟಿಗೆಗಳ ಬದಲು ಅರವತ್ತನ್ನು ಮಾತ್ರ ಹಿಂದಕ್ಕೆ ತರಿಸಿಕೊಳ್ಳಬಹುದು.

ಪರೀಕ್ಷೆ ಮತ್ತು ಪರವಾನಗಿ

ಎಲ್‌ಇಡಿ ಡ್ರೈವರ್, ಪವರ್ ಅಡಾಪ್ಟರ್, ಪವರ್ ಬ್ಯಾಂಕ್ ಮೊದಲಾದವು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ವ್ಯಾಪ್ತಿಯಲ್ಲಿವೆ. 2012ರ ಆದೇಶದಿಂದ ಆರಂಭವಾದ ಈ ಪದ್ಧತಿಗೆ 2021ರಲ್ಲಿ ಹೊಸ ಆದೇಶ ಬಂದಿದೆ. ಬ್ಯೂರೋ ಮಾನ್ಯ ಮಾಡಿದ ಪ್ರಯೋಗಾಲಯದ ವರದಿಯಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಮಾರಾಟವಿಲ್ಲ. ಮೋಟಾರು ಸ್ಟಾರ್ಟರಿಗೆ ಐಎಸ್/ಐಇಸಿ 60947-4-1, ಪೆಟ್ಟಿಗೆಯೊಳಗೆ ನೀರು ಮತ್ತು ಧೂಳು ಸೇರದಿರುವುದಕ್ಕೆ ಐಎಸ್/ಐಇಸಿ 60529, ಸಿಡಿಲು ಮತ್ತು ವಿದ್ಯುತ್ ಮಾರ್ಗದ ಆಘಾತಕ್ಕೆ ಐಇಸಿ 61000-4-5 ಮಾನಕಗಳಿವೆ. ಇವನ್ನು ಕೊನೆಯಲ್ಲಿ ಪಾಸಾಗಬೇಕಾದ ಪರೀಕ್ಷೆಗಳೆಂದು ನೋಡದೆ ವಿನ್ಯಾಸದ ಆರಂಭದಲ್ಲೇ ಓದಿದರೆ ಲಾಭ ಹೆಚ್ಚು. ಬೋರ್ಡಿನ ಮೇಲೆ ಎರಡು ತಾಮ್ರದ ಗೆರೆಗಳ ನಡುವೆ ಎಷ್ಟು ಅಂತರ ಬೇಕೆಂದು ಮಾನಕವೇ ಹೇಳುತ್ತದೆ; ಬೋರ್ಡು ಅಚ್ಚಾದ ಮೇಲೆ ಆ ಅಂತರವನ್ನು ಹೆಚ್ಚಿಸಲಾಗದು. ಮೋಡೆಮ್ ಇರುವ ಉಪಕರಣವಾದರೆ ನಿಸ್ತಂತು ಅನುಮತಿಗಳನ್ನೂ ಮೊದಲೇ ವಿಚಾರಿಸಬೇಕು. 2ಜಿ ಮಾತ್ರ ಬಲ್ಲ ಮೋಡೆಮ್ 4ಜಿ ಮಾತ್ರ ನೀಡುವ ಜಾಲದ ಸಿಮ್ಮಿನಲ್ಲಿ ನಡೆಯುವುದಿಲ್ಲ ಎಂಬ ಸರಳ ಸಂಗತಿಯೂ ಆ ಹೊತ್ತಿಗೇ ಹೊರಬೀಳುತ್ತದೆ.

ಬರೆದ ಅವಶ್ಯಕತೆಯಂತೆ ಉಪಕರಣ ಇದೆಯೇ ಎಂದು ನೋಡುವುದು ಒಂದು. ಬರೆದದ್ದೇ ಗ್ರಾಹಕರಿಗೆ ಬೇಕಾಗಿತ್ತೇ ಎಂದು ನೋಡುವುದು ಇನ್ನೊಂದು. ಮೊದಲನೆಯದನ್ನು ಪ್ರಯೋಗಾಲಯ ಹೇಳುತ್ತದೆ, ಎರಡನೆಯದನ್ನು ತೋಟವೇ ಹೇಳಬೇಕು. ಇಪ್ಪತ್ತು ಮೂವತ್ತು ಉಪಕರಣಗಳ ಪ್ರಾಯೋಗಿಕ ತಂಡವನ್ನು ಒಂದು ಮಳೆಗಾಲ, ಒಂದು ಬೇಸಿಗೆ ದಾಟಿಸುವುದು ಆದರ್ಶ. ಅಷ್ಟು ಕಾಯಲಾಗದಿದ್ದರೆ ಕನಿಷ್ಠ ಬೇರೆ ಬೇರೆ ಜಿಲ್ಲೆಗಳಲ್ಲಿ ಇಟ್ಟು ನೋಡಬೇಕು. ಮಲೆನಾಡಿನ ತೇವ ಮತ್ತು ಬಯಲುಸೀಮೆಯ ಧೂಳು ಎರಡು ಬೇರೆ ಪರೀಕ್ಷಕರು.

ದಾಖಲೆ ಯಾರ ಕೈಯಲ್ಲಿದೆ

ಸಣ್ಣ ಘಟಕಗಳು ವಿನ್ಯಾಸವನ್ನು ಹೊರಗಿನವರಿಂದ ಮಾಡಿಸುವುದೇ ಹೆಚ್ಚು. ಹಣ ಪಾವತಿಯಾದ ಮೇಲೂ ಸರ್ಕಿಟ್ ನಕಾಶೆ, ಬೋರ್ಡಿನ ಗರ್ಬರ್ ಕಡತಗಳು, ಫರ್ಮ್‌ವೇರಿನ ಮೂಲ ಸಂಕೇತ ವಿನ್ಯಾಸಕಾರರ ಗಣಕದಲ್ಲೇ ಉಳಿಯುತ್ತವೆ. ಘಟಕಕ್ಕೆ ಸಿಗುವುದು ತಯಾರಾದ ಬೋರ್ಡು ಮಾತ್ರ. ವಿನ್ಯಾಸಕಾರರು ಬೇರೆ ಊರಿಗೆ ಕೆಲಸಕ್ಕೆ ಹೋದ ದಿನ ಉತ್ಪನ್ನದಲ್ಲಿ ಒಂದು ರೆಸಿಸ್ಟರನ್ನೂ ಬದಲಿಸಲಾಗದ ಸ್ಥಿತಿ ಬರುತ್ತದೆ. ಕೆಲಸ ಒಪ್ಪಿಸುವ ಪತ್ರದಲ್ಲೇ ಈ ಕಡತಗಳ ಒಡೆತನ ಯಾರದು, ಯಾವ ಹಂತದಲ್ಲಿ ಹಸ್ತಾಂತರ, ಕೊನೆಯ ಕಂತು ಯಾವುದಕ್ಕೆ ತಳುಕು ಹಾಕಿಕೊಂಡಿದೆ ಎಂಬುದನ್ನು ಬರೆಯಬೇಕು. ಕಡತ ಕೈಗೆ ಬಂದ ಮೇಲೆ ಅದೇ ಕಡತದಿಂದ ಬೇರೊಬ್ಬ ಬೋರ್ಡು ತಯಾರಕರಲ್ಲಿ ಐದು ಬೋರ್ಡು ಮಾಡಿಸಿ, ಫರ್ಮ್‌ವೇರನ್ನು ಮೂಲ ಸಂಕೇತದಿಂದಲೇ ಹೊಸದಾಗಿ ಕಟ್ಟಿ ತುಂಬಿಸಿ, ಉಪಕರಣ ನಡೆಯುವುದನ್ನು ಕಣ್ಣಾರೆ ನೋಡಿದ ಬಳಿಕವೇ ಆ ಕೊನೆಯ ಕಂತನ್ನು ಬಿಡುಗಡೆ ಮಾಡುವುದು ರೂಢಿಯಾಗಬೇಕು.